ಕೌದಿಯ ಮೇಲೆ ಕಥೆ ಬರೆದ ಹ್ಯಾರಿಯೆಟ್ ಪವರ್ಸ್

ಇಂಥ ಸಂಚಿಕೆಗಳಲ್ಲಿ ಪ್ರಸಿದ್ಧಳಾದ ಒಬ್ಬ ಸ್ತ್ರೀಯ ಜೀವನಚರಿತ್ರೆಯನ್ನು ಕೊಡುವುದು ವಾಡಿಕೆಯಾಗಿದೆ. ರಾಣಿಯರು, ವೈದ್ಯೆಯರು, ಕಡಲು ದಾಟಿ ಬಂದು ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ಸ್ಥಾಪಿಸಿದ ಮಿಷನೆರಿ ಮಾತೆಯರು ಇವರೆಲ್ಲರ ಚರಿತ್ರೆಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಓದಿಯೇ ಇರುವರು. ಈ ಸಲ ನಾವು ಆರಿಸಿಕೊಂಡಿರುವಾಕೆ ಅಂಥ ಪದವಿಯವಳಲ್ಲ. ಈಕೆ ದಾಸ್ಯದಲ್ಲಿ ಹುಟ್ಟಿದಳು; ಹೊಲದಲ್ಲಿ ದುಡಿದಳು; ಮಕ್ಕಳನ್ನು ಹೆತ್ತು ಸಾಕಿದಳು; ಬಡವಳಾಗಿಯೇ ತೀರಿಕೊಂಡಳು. ಈಕೆಯ ಕೈಯಿಂದ ಹೊರಟು ಇಂದಿಗೂ ಉಳಿದಿರುವ ವಸ್ತುಗಳು ಎರಡೇ ಎರಡು ಕೌದಿಗಳು. ಆದರೂ ಆ ಎರಡು ಕೌದಿಗಳನ್ನು ಅಮೆರಿಕ ದೇಶವು ಇಂದು ತನ್ನ ಅಮೂಲ್ಯ ಸಂಪತ್ತೆಂದು ಗಾಜಿನ ಹಿಂದೆ ಕಾಪಾಡುತ್ತಲಿದೆ. ಅದು ಹೇಗಾಯಿತೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಜಾರ್ಜಿಯಾ ಎಂಬ ಪ್ರಾಂತವಿದೆ. ನಮ್ಮ ಧಾರವಾಡ ಸೀಮೆಯ ಕರಿನೆಲವು ಹೇಗೋ ಹಾಗೆಯೇ ಅಲ್ಲಿಯ ಕೆಂಪುನೆಲವೂ ಹತ್ತಿಯ ಬೆಳೆಗೆ ಹೆಸರಾದದ್ದು. ಭೇದವೇನಂದರೆ, ಅಲ್ಲಿ ಆ ಹತ್ತಿಯನ್ನು ಬಿತ್ತಿ ಬಿಡಿಸುತ್ತಿದ್ದವರಲ್ಲಿ ಬಹು ಮಂದಿ ಆಫ್ರಿಕ ಖಂಡದಿಂದ ಹಿಡಿದು ತಂದ ಜನರ ಸಂತಾನದವರು. ದನಕರುಗಳಂತೆ ಮಾರಿಕೊಳ್ಳಲ್ಪಡುತ್ತಿದ್ದ ಗುಲಾಮರು. ಆ ಪ್ರಾಂತದ ಅಥೆನ್ಸ್ ಪಟ್ಟಣದ ಸಮೀಪದಲ್ಲಿ, 1837ನೆಯ ಇಸವಿ ಅಕ್ಟೋಬರ್ 29ನೆಯ ತಾರೀಖಿನಲ್ಲಿ ಹ್ಯಾರಿಯೆಟ್ ಜನಿಸಿದಳು. ಆಕೆಯ ಬಾಲ್ಯವು ಮ್ಯಾಡಿಸನ್ ಜಿಲ್ಲೆಯ ಒಂದು ತೋಟದ ಧಣಿಯ ಕೈಕೆಳಗೆ ಕಳೆಯಿತು.

ಆ ಕಾಲದ ಕಾನೂನು ಎಂಥದೆಂಬುದನ್ನು ನಮ್ಮ ಹುಡುಗಿಯರು ತಿಳಿಯತಕ್ಕದ್ದು. 1829ರಲ್ಲಿ ಜಾರ್ಜಿಯಾದ ಶಾಸನಸಭೆಯು, ಗುಲಾಮರಿಗಾಗಲಿ ಕಪ್ಪು ಬಣ್ಣದ ಸ್ವತಂತ್ರರಿಗಾಗಲಿ ಓದುಬರಹ ಕಲಿಸಿದವರಿಗೆ ಶಿಕ್ಷೆಯಾಗಬೇಕೆಂದು ವಿಧಿಸಿತ್ತು. ಅಕ್ಷರವನ್ನು ಬಲ್ಲ ದಾಸನು ಮುಂದೆ ದಾಸನಾಗಿ ಉಳಿಯಲಾರನೆಂಬ ಭಯವೇ ಇದಕ್ಕೆ ಕಾರಣ. ನಮ್ಮಲ್ಲಿ ಶಾಲೆಗೆ ಹೋಗಲು ಬೇಸರಪಡುವ ಮಗುವಿಗೆ ತಾಯಿಯು ಗದರಿಸುತ್ತಾಳೆ. ಅಲ್ಲಿ ಅಕ್ಷರವನ್ನು ಬಯಸಿದ ಮಗುವಿಗೆ ಸರಕಾರವು ಚಾವಟಿಯನ್ನು ತೋರಿಸುತ್ತಿತ್ತು. ಹೀಗಿದ್ದರೂ ಹ್ಯಾರಿಯೆಟ್ಟಳು ಧಣಿಯ ಮನೆಯ ಮಕ್ಕಳ ಸಹಾಯದಿಂದ ಓದು ಕಲಿತಳು. ಈ ಸಂಗತಿಯು ಲೋಕಕ್ಕೆ ಗೊತ್ತಾದದ್ದು ಆಕೆ ತೀರಿಹೋಗಿ ಒಂದು ನೂರು ವರುಷಗಳು ತುಂಬುವ ಹೊತ್ತಿಗೆ. ಅದನ್ನು ಮುಂದೆ ಹೇಳುವೆವು.

1855ರಲ್ಲಿ ಹ್ಯಾರಿಯೆಟ್ಟಳು ಆರ್ಮ್‌ಸ್ಟೆಡ್ ಪವರ್ಸ್ ಎಂಬವನನ್ನು ಮದುವೆಯಾದಳು. ಕಾಲಕ್ರಮದಲ್ಲಿ ಅವರಿಗೆ ಕಡಮೆಯೆಂದರೂ ಒಂಬತ್ತು ಮಂದಿ ಮಕ್ಕಳಾದರು. 1861ರಿಂದ 1865ರ ವರೆಗೆ ದಕ್ಷಿಣದವರಿಗೂ ಉತ್ತರದವರಿಗೂ ಘೋರವಾದ ಅಂತರ್ಯುದ್ಧ ನಡೆಯಿತು. ಅಮೆರಿಕದ ಹತ್ತಿಯು ಇಂಗ್ಲೆಂಡಿನ ಗಿರಣಿಗಳಿಗೆ ಬಾರದೆ ಹೋದದ್ದರಿಂದ ಆ ವರುಷಗಳಲ್ಲಿ ನಮ್ಮ ಧಾರವಾಡ, ಹುಬ್ಬಳ್ಳಿಗಳ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಹೀಗೆ ಒಂದು ಖಂಡದ ಗೋಳು ಇನ್ನೊಂದು ಖಂಡದ ರೈತನ ಗಂಟಿಗೆ ಹಣವಾದದ್ದುಂಟು. ಯುದ್ಧವು ಮುಗಿದ 1865ರಲ್ಲಿಯೇ ಗುಲಾಮಗಿರಿಯು ಅಲ್ಲಿ ಶಾಶ್ವತವಾಗಿ ರದ್ದಾಯಿತು. ಇಪ್ಪತ್ತೆಂಟನೆಯ ವಯಸ್ಸಿಗೆ ಹ್ಯಾರಿಯೆಟ್ಟಳು ತನ್ನ ದೇಹಕ್ಕೆ ತಾನೇ ಒಡತಿಯಾದಳು.

ಬಿಡುಗಡೆಯಾದವರಿಗೆ ಬಿಡುಗಡೆಯಲ್ಲದೆ ಬೇರೆ ಯಾವ ಆಸ್ತಿಯೂ ಇರಲಿಲ್ಲ. ಪವರ್ಸ್ ದಂಪತಿಗಳು ಕ್ಲಾರ್ಕ್ ಜಿಲ್ಲೆಯಲ್ಲಿ ಹೊಲದ ಕೆಲಸ ಮಾಡಿ, ಕಾಸಿಗೆ ಕಾಸು ಕೂಡಿಸಿ, 1880ರ ನಂತರದ ವರುಷಗಳಲ್ಲಿ ಸುಮಾರು ನಾಲ್ಕು ಎಕರೆ ಭೂಮಿಯನ್ನು ತಮ್ಮದಾಗಿ ಮಾಡಿಕೊಂಡರು. ನಾಲ್ಕು ಎಕರೆಯೆಂದರೆ ದೊಡ್ಡದಲ್ಲ. ಆದರೆ ತನ್ನನ್ನೇ ಇನ್ನೊಬ್ಬರು ಆಸ್ತಿಯೆಂದು ಲೆಕ್ಕದಲ್ಲಿ ಬರೆದುಕೊಂಡಿದ್ದ ಕಾಲವನ್ನು ಕಂಡ ಹೆಂಗಸಿಗೆ ಅದು ಎಷ್ಟು ದೊಡ್ಡದೆಂಬುದನ್ನು ಊಹಿಸಬೇಕು.

ಹೊಲಮನೆಯ ಕೆಲಸದ ನಡುವೆ ಹ್ಯಾರಿಯೆಟ್ಟಳು ಕೌದಿ ಹೊಲಿಯುತ್ತಿದ್ದಳು. ಕೌದಿಯೆಂದರೇನೆಂದು ನಮ್ಮ ಓದುಗರಿಗೆ ಹೇಳಬೇಕಾದದ್ದಿಲ್ಲ. ಅಜ್ಜಿಯ ಹಳೆಯ ಸೀರೆಯನ್ನು ಮಡಿಸಿ ಹೊಲಿದ ಕೌದಿಯಲ್ಲಿ ಮಲಗಿ ಬೆಳೆದವರೇ ನಮ್ಮಲ್ಲಿ ಹೆಚ್ಚು ಮಂದಿ. ಅಮೆರಿಕದ ಕೌದಿಗೆ ಮೂರು ಪದರಗಳುಂಟು: ಮೇಲೆ ಚಿತ್ರದ ಬಟ್ಟೆ, ಕೆಳಗೆ ಅಸ್ತರು, ನಡುವೆ ಹತ್ತಿ. ಮೂರನ್ನೂ ಕೂಡಿಸಿ ಸಾದಾ ಹೊಲಿಗೆಯಿಂದ ಉದ್ದಕ್ಕೂ ಹೊಲಿಯುವರು. ಮೇಲಿನ ಬಟ್ಟೆಯನ್ನು ಒಂದೇ ತುಂಡಾಗಿ ಮಾಡದೆ, ಚೌಕ ಚೌಕವಾಗಿ ಬೇರೆ ಬೇರೆ ಸಿದ್ಧಪಡಿಸಿ ಕಡೆಗೆ ಜೋಡಿಸುವುದು ಅಲ್ಲಿಯ ಪದ್ಧತಿ. ಕೆಲವರು ಬಣ್ಣ ಬಣ್ಣದ ಚಿಕ್ಕ ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ನಕ್ಷತ್ರ, ವಜ್ರ ಮೊದಲಾದ ಆಕಾರಗಳನ್ನು ಮಾಡುವರು. ಇನ್ನು ಕೆಲವರು ಬಟ್ಟೆಯನ್ನು ಮನುಷ್ಯನ, ಪ್ರಾಣಿಯ, ಹೂವಿನ ಆಕಾರಕ್ಕೆ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಿಸಿ, ತೇಪೆ ಹಾಕಿದಂತೆ ಇನ್ನೊಂದು ಬಟ್ಟೆಯ ಮೇಲೆ ಕೂಡಿಸುವರು. ಹ್ಯಾರಿಯೆಟ್ಟಳು ಎರಡನ್ನೂ ಬಲ್ಲವಳಾಗಿದ್ದಳು. 1872ರಲ್ಲಿ ಆಕೆ 4,050 ವಜ್ರಾಕೃತಿಯ ತುಂಡುಗಳ ಒಂದು ಕೌದಿಯನ್ನು ಮಾಡಿ ಮುಗಿಸಿದಳು. ಪ್ರತಿಯೊಂದು ತುಂಡಿಗೂ ನಾಲ್ಕು ಅಂಚು! ನಮ್ಮ ಹೊಲಿಗೆಯ ತರಗತಿಯಲ್ಲಿ ಹದಿನಾರು ತುಂಡುಗಳ ಒಂದು ಚೌಕಕ್ಕೇ ನಿಟ್ಟುಸಿರು ಬಿಟ್ಟವರು ಈ ಲೆಕ್ಕವನ್ನು ಸ್ವಲ್ಪ ಆಲೋಚಿಸಲಿ. 1882ರಲ್ಲಿ ಆಕೆ ಮೌಂಟ್ ಜಾಯನ್ ಬ್ಯಾಪ್ಟಿಸ್ಟ್ ಸಭೆಗೆ ಸೇರಿದಳು. ಅನಂತರ ಕರ್ತನ ರಾತ್ರಿಭೋಜನದ ವಿಷಯವಾಗಿ 2,500 ವಜ್ರಾಕೃತಿಗಳ ಇನ್ನೊಂದು ಕೌದಿಯನ್ನು ರಚಿಸಿದಳು. ಇವೆರಡೂ ಇಂದು ಉಳಿದಿಲ್ಲ.

ಉಳಿದಿರುವವುಗಳಲ್ಲಿ ಮೊದಲನೆಯದು ಬೈಬಲ್ ಕೌದಿಯೆಂದು ಹೆಸರಾಗಿದೆ. ಇದರಲ್ಲಿ ಮೂರು ಸಾಲುಗಳಲ್ಲಿ ಹನ್ನೊಂದು ಚೌಕಗಳಿವೆ. ಏದೆನ್ ತೋಟದಲ್ಲಿ ಆದಾಮ ಹವ್ವರು, ಕಾಯಿನನು ಹೇಬೆಲನನ್ನು ಕೊಲ್ಲುವುದು, ಕಾಯಿನನು ನೋದ್ ಸೀಮೆಗೆ ಹೆಂಡತಿಯನ್ನು ಹುಡುಕಿಕೊಂಡು ಹೋಗುವುದು, ಏಳು ನಕ್ಷತ್ರಗಳ ನಡುವೆ ಸೈತಾನನು, ಯಾಕೋಬನ ಕನಸು, ಕ್ರಿಸ್ತನ ದೀಕ್ಷಾಸ್ನಾನ, ರಾತ್ರಿಭೋಜನ, ಯೂದನೂ ಅವನ ಮೂವತ್ತು ಬೆಳ್ಳಿ ನಾಣ್ಯಗಳೂ, ಶಿಲುಬೆ, ಪರಿಶುದ್ಧ ಕುಟುಂಬ ಇವೆಲ್ಲವೂ ಅಲ್ಲಿ ಕಾಣಬರುತ್ತವೆ. ಆಕೃತಿಗಳೆಲ್ಲ ಚಿಕ್ಕ ಮಕ್ಕಳು ಗೋಡೆಯ ಮೇಲೆ ಬರೆದ ಹಾಗೆ ಸರಳವಾದವು; ಕಣ್ಣು ಮೂಗುಗಳಿಲ್ಲ. ಆದರೆ ಒಂದೊಂದು ಆಕೃತಿಯ ಕೈ ಎತ್ತಿರುವ ರೀತಿ, ಬಾಗಿರುವ ರೀತಿ ಇವುಗಳಿಂದಲೇ ದುಃಖವೂ ಭಯವೂ ಸಂತೋಷವೂ ತಿಳಿಯುತ್ತವೆ. ರಾತ್ರಿಭೋಜನದ ಚೌಕದಲ್ಲಿ ಸ್ಥಳ ಸಾಲದೆಯೋ ಏನೋ, ಹನ್ನೆರಡು ಶಿಷ್ಯರಿಗೆ ಐವರು ಕಡಮೆಯಾಗಿದ್ದಾರೆ. ಇದ್ದವರಿಗೆಲ್ಲ ಚುಕ್ಕೆಗಳುಳ್ಳ ಬಿಳಿಯ ಬಟ್ಟೆ. ಯೂದನೊಬ್ಬನಿಗೆ ಮಾತ್ರ ಮಾಸಲು ಬಣ್ಣದ ಬಟ್ಟೆ. ಅವನ ಗುಣವನ್ನು ಹೇಳಲು ಆಕೆಗೆ ಒಂದು ಚಿಂದಿಯೇ ಸಾಕಾಯಿತು.

1886ರಲ್ಲಿ ಅಥೆನ್ಸ್ ಪಟ್ಟಣದಲ್ಲಿ ಹತ್ತಿಯ ಜಾತ್ರೆಯೊಂದು ನೆರೆಯಿತು. ಹ್ಯಾರಿಯೆಟ್ಟಳು ತನ್ನ ಬೈಬಲ್ ಕೌದಿಯನ್ನು ಅಲ್ಲಿ ಪ್ರದರ್ಶನಕ್ಕೆ ಇಟ್ಟಳು. ಅದೇ ಪಟ್ಟಣದಲ್ಲಿ ಲೂಸಿ ಕಾಬ್ ವಿದ್ಯಾಲಯವೆಂಬ ಹೆಣ್ಣುಮಕ್ಕಳ ಶಾಲೆಯಿದ್ದಿತು. ಅಲ್ಲಿ ಚಿತ್ರಕಲೆಯನ್ನು ಕಲಿಸುತ್ತಿದ್ದ ಜೆನ್ನಿ ಸ್ಮಿತ್ ಎಂಬಾಕೆ ಜಾತ್ರೆಯ ಮೂಲೆಯಲ್ಲಿ ತೂಗುಹಾಕಿದ್ದ ಈ ಕೌದಿಯನ್ನು ಕಂಡು ಬೆರಗಾದಳು. ವಿಚಾರಿಸಿ, ಮಾಡಿದವಳನ್ನು ಹುಡುಕಿಕೊಂಡು ಹೋಗಿ, ತನಗೆ ಮಾರಬೇಕೆಂದು ಕೇಳಿದಳು. ಹ್ಯಾರಿಯೆಟ್ಟಳು ಯಾವ ಬೆಲೆಗೂ ಒಪ್ಪಲಿಲ್ಲ. ಒಪ್ಪದಿದ್ದದ್ದು ಸಹಜವೇ. ಹೆತ್ತ ಕೂಸಿಗೆ ಬೆಲೆ ಕಟ್ಟುವರುಂಟೇ?

ನಾಲ್ಕೈದು ವರುಷಗಳು ಕಳೆದವು. ಪವರ್ಸ್ ಸಂಸಾರಕ್ಕೆ ಕಷ್ಟದ ಕಾಲ ಬಂದಿತು. ಕೊಂಡ ಭೂಮಿಯನ್ನು ತುಂಡು ತುಂಡಾಗಿ ಮಾರಬೇಕಾದ ದಿನಗಳವು. ಆಗ ಹ್ಯಾರಿಯೆಟ್ಟಳು ಕೌದಿಯನ್ನು ಮಾರುವೆನೆಂದು ಹೇಳಿಕಳುಹಿಸಿದಳು. ಆ ಸಮಯಕ್ಕೆ ಸ್ಮಿತ್ತಳ ಕೈಯಲ್ಲಿ ಹಣವಿರಲಿಲ್ಲ. ಕೆಲವು ಕಾಲದ ಮೇಲೆ ಸ್ಮಿತ್ತಳೇ ಹೇಳಿಕಳುಹಿಸಲು, ಹ್ಯಾರಿಯೆಟ್ಟಳು ಗಂಡನೊಡನೆ ಎತ್ತಿನ ಗಾಡಿಯಲ್ಲಿ ಕುಳಿತು, ಕೌದಿಯನ್ನು ಶುಭ್ರವಾದ ಚೀಲದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಹತ್ತು ಡಾಲರು ಕೇಳಿದಳು. ಐದಕ್ಕಿಂತ ಹೆಚ್ಚು ಕೊಡಲು ತನ್ನಲ್ಲಿಲ್ಲವೆಂದು ಸ್ಮಿತ್ತಳು ಹೇಳಿದಳು. ಹ್ಯಾರಿಯೆಟ್ಟಳು ಹೊರಗೆ ಹೋಗಿ ಗಂಡನ ಸಂಗಡ ಆಲೋಚಿಸಿ ಬಂದು, ಐದು ಡಾಲರಿಗೇ ಕೊಟ್ಟುಬಿಟ್ಟಳು.

ಕೊಡುವ ಮುಂಚೆ ಆಕೆ ಮಾಡಿದ ಒಂದು ಕೆಲಸವನ್ನು ನಾವು ಮುಖ್ಯವಾಗಿ ಗಮನಿಸಬೇಕು. ಹನ್ನೊಂದು ಚೌಕಗಳನ್ನೂ ಒಂದೊಂದಾಗಿ ತೋರಿಸಿ, ಇದು ಇಂಥದು, ಇದರ ಅರ್ಥ ಇಂಥದೆಂದು ಕೊಂಡವಳಿಗೆ ವಿವರಿಸಿದಳು. ಸ್ಮಿತ್ತಳು ಅದನ್ನು ಬರೆದಿಟ್ಟುಕೊಂಡಳು. ವಸ್ತುವು ಕೈ ಬಿಟ್ಟುಹೋಗುವಾಗ ಅದರ ಅರ್ಥವು ಕಳೆದುಹೋಗಬಾರದೆಂದು ಆಕೆ ಬಯಸಿದಳು. ಸ್ಮಿತ್ತಳು ತನ್ನಲ್ಲಿಯ ಬಟ್ಟೆಯ ಚೂರುಗಳನ್ನು ಆಕೆಗಾಗಿ ಕೂಡಿಸಿಡುವೆನೆಂದು ಮಾತು ಕೊಟ್ಟಳು. ಅನಂತರ ಹ್ಯಾರಿಯೆಟ್ಟಳು ಹಲವು ಸಾರಿ ಆ ಮನೆಗೆ ಬಂದು ತನ್ನ ಕೌದಿಯನ್ನು ನೋಡಿಕೊಂಡು ಹೋದಳು.

ಈ ವ್ಯಾಪಾರವನ್ನು ಕುರಿತು ನಾವು ಏನು ಹೇಳಬೇಕು? ಸ್ಮಿತ್ತಳನ್ನು ದೂರುವುದು ಸುಲಭ. ಆದರೆ ಆಕೆ ಕೊಳ್ಳದೆ ಇದ್ದಿದ್ದರೆ ಆ ಕೌದಿಯು ಹತ್ತು ಚಳಿಗಾಲಗಳಲ್ಲಿ ಹರಿದು ಮಣ್ಣಾಗಿರುತ್ತಿತ್ತು. ಆಕೆ ಬರೆದಿಡದೆ ಇದ್ದಿದ್ದರೆ ಅದರ ಅರ್ಥವೂ ಮಣ್ಣಾಗಿರುತ್ತಿತ್ತು. ಇನ್ನೊಂದು ಕಡೆಯಲ್ಲಿ, ಆ ಲೂಸಿ ಕಾಬ್ ವಿದ್ಯಾಲಯದ ಬಾಗಿಲು ಬಿಳಿಯರ ಹೆಣ್ಣುಮಕ್ಕಳಿಗೆ ಮಾತ್ರ ತೆರೆದಿತ್ತು. ಕಲೆಯನ್ನು ಕಲಿಸುವಾಕೆ ಯಾರನ್ನು ಶ್ರೇಷ್ಠ ಕಲಾವಿದೆಯೆಂದು ಗುರುತಿಸಿದಳೋ ಅವಳ ಮಗಳು ಆ ಶಾಲೆಯಲ್ಲಿ ಚಿತ್ರ ಬರೆಯಲು ಕಲಿಯುವ ಹಾಗಿರಲಿಲ್ಲ. ಶಾಲೆ ನಡಿಸುವವರಾದ ನಮಗೆ ಇದು ನೆನಪಿನಲ್ಲಿಡತಕ್ಕ ಮಾತು. ಕೆಲಸವನ್ನು ಮೆಚ್ಚಿ, ಕೆಲಸ ಮಾಡಿದವಳನ್ನು ಹೊಸಲಿನ ಹೊರಗೆ ನಿಲ್ಲಿಸುವುದು ಪೂರ್ಣವಾದ ಮೆಚ್ಚಿಗೆಯಲ್ಲ.

1895ರಲ್ಲಿ ಅಟ್ಲಾಂಟಾ ನಗರದಲ್ಲಿ ಹತ್ತಿ ಬೆಳೆಯುವ ಸಂಸ್ಥಾನಗಳ ಮಹಾ ಪ್ರದರ್ಶನವು ನಡೆಯಿತು. ಸ್ಮಿತ್ತಳು ಬೈಬಲ್ ಕೌದಿಯನ್ನು ಅಲ್ಲಿಗೆ ಕಳುಹಿಸಿದಳು. ನೋಡಿದವರು ಮಾತನಾಡಿಕೊಂಡರು, ಹ್ಯಾರಿಯೆಟ್ಟಳ ಹೆಸರು ಜಿಲ್ಲೆಯ ಹೊರಗೂ ಕೇಳಿಸತೊಡಗಿತು. ಹೀಗಾಗಿ 1898ರ ಹೊತ್ತಿಗೆ ಎರಡನೆಯ ಕೌದಿಯು ಸಿದ್ಧವಾಯಿತು. ಬಿಡುಗಡೆಯಾದವರ ವಿದ್ಯಾಭ್ಯಾಸಕ್ಕಾಗಿ ಸ್ಥಾಪಿತವಾಗಿದ್ದ ಅಟ್ಲಾಂಟಾ ವಿಶ್ವವಿದ್ಯಾಲಯದ ಅಧ್ಯಾಪಕರ ಪತ್ನಿಯರು ಇದನ್ನು ರೆವರೆಂಡ್ ಚಾರ್ಲ್ಸ್ ಕತ್‌ಬರ್ಟ್ ಹಾಲ್ ಎಂಬವರಿಗೆ ಕಾಣಿಕೆಯಾಗಿ ಕೊಟ್ಟರೆಂದು ತಿಳಿದುಬರುತ್ತದೆ. ಇವರು ನ್ಯೂಯಾರ್ಕಿನ ಯೂನಿಯನ್ ದೇವಜ್ಞಾನಶಾಲೆಯ ಅಧ್ಯಕ್ಷರು. ಇವರೇ 1902–03ರಲ್ಲಿ ಬ್ಯಾರೋಸ್ ಉಪನ್ಯಾಸಗಳನ್ನು ಕೊಡುವುದಕ್ಕಾಗಿ ನಮ್ಮ ಹಿಂದೂಸ್ಥಾನಕ್ಕೆ ಬಂದು ಕ್ರಿಸ್ತಧರ್ಮವನ್ನು ಕುರಿತು ಮಾತನಾಡಿದವರೆಂಬುದನ್ನು ತಿಳಿದಾಗ, ಅಥೆನ್ಸಿನ ಆ ಗುಡಿಸಲಿಗೂ ನಮಗೂ ಒಂದು ಎಳೆಯ ನಂಟಿದೆಯೆಂದು ನಮಗೆ ತೋರಿತು.

ಎರಡನೆಯ ಕೌದಿಯಲ್ಲಿ ಮೂರು ಸಾಲುಗಳು, ಸಾಲಿಗೆ ಐದರಂತೆ ಹದಿನೈದು ಚೌಕಗಳು. ಇಲ್ಲಿಯೂ ಸತ್ಯವೇದದ ಕಥೆಗಳೇ ಹೆಚ್ಚು. ತನ್ನ ವೈರಿಗಳಿಗಾಗಿ ಪ್ರಾರ್ಥಿಸುವ ಯೋಬ, ಮೀನಿನ ಬಾಯಿಗೆ ಬೀಳುವ ಯೋನ, ಮೋಶೆಯು ಎತ್ತಿದ ಸರ್ಪ, ಗಂಡು ಹೆಣ್ಣಾಗಿ ಜೋಡಿ ಜೋಡಿಯಾಗಿ ನಿಂತ ಒಂಟೆ, ಆನೆ, ಜಿರಾಫೆ, ಸಿಂಹಗಳು, ಕಡೆಯ ಚೌಕದಲ್ಲಿ ಇಬ್ಬರು ಕಳ್ಳರ ನಡುವೆ ಶಿಲುಬೆಗೇರಿದ ಕ್ರಿಸ್ತ. ಆದರೆ ಈ ಕೌದಿಯ ವಿಶೇಷವೇನಂದರೆ, ಸತ್ಯವೇದದ ಕಥೆಗಳ ನಡುವೆ ತನ್ನ ನಾಡಿನ ಜನರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಸಂಗತಿಗಳನ್ನೂ ಆಕೆ ಅಷ್ಟೇ ಗೌರವದಿಂದ ಕೂಡಿಸಿರುವುದು.

ಒಂದು ಚೌಕದಲ್ಲಿ 1780ನೆಯ ಮೇ 19ರ ಕತ್ತಲೆಯ ದಿನವಿದೆ. ಆ ಶುಕ್ರವಾರ ಅಮೆರಿಕದ ಈಶಾನ್ಯ ಭಾಗದಲ್ಲಿ ಮಧ್ಯಾಹ್ನಕ್ಕೇ ಕತ್ತಲೆ ಕವಿಯಿತು. ಕೋಳಿಗಳು ಗೂಡು ಸೇರಿದವು. ದನಗಳು ಕೊಟ್ಟಿಗೆಗೆ ತಿರುಗಿದವು. ನ್ಯಾಯತೀರ್ಪಿನ ದಿನವೇ ಬಂತೆಂದು ಜನರು ಮೊಣಕಾಲೂರಿದರು. ದೂರದ ಕಾಡುಗಳಲ್ಲಿ ಎದ್ದ ದೊಡ್ಡ ಬೆಂಕಿಯ ಹೊಗೆಯು ಮಂಜಿನೊಡನೆಯೂ ಮೋಡದೊಡನೆಯೂ ಸೇರಿದ್ದೇ ಇದಕ್ಕೆ ಕಾರಣವೆಂದು ಈಗಿನ ಪಂಡಿತರು ಮರಗಳ ಕಾಂಡದಲ್ಲಿ ಉಳಿದ ಬೆಂಕಿಯ ಗುರುತುಗಳಿಂದ ಕಂಡುಕೊಂಡಿದ್ದಾರೆ. ಇನ್ನೊಂದು ಚೌಕದಲ್ಲಿ 1833ನೆಯ ನವಂಬರ್ 13ರ ರಾತ್ರಿ ನಕ್ಷತ್ರಗಳು ಉದುರಿದ್ದು. ಸುಮಾರು ಮೂವತ್ತಮೂರು ವರುಷಗಳಿಗೊಮ್ಮೆ ಸೂರ್ಯನನ್ನು ಸುತ್ತಿ ಬರುವ ಒಂದು ಧೂಮಕೇತುವಿನ ಧೂಳು ನಮ್ಮ ಭೂಮಿಯ ವಾಯುಮಂಡಲಕ್ಕೆ ನುಗ್ಗಿ ಉರಿದದ್ದರಿಂದ, ಆ ರಾತ್ರಿ ಉಲ್ಕೆಗಳು ಮಳೆಯಂತೆ ಸುರಿದವು. ಹ್ಯಾರಿಯೆಟ್ಟಳ ಚೌಕದಲ್ಲಿ ಬೆದರಿದ ಜನರ ಮೇಲ್ಗಡೆ ದೇವರ ಹಸ್ತವೊಂದು ಚಾಚಿಕೊಂಡು ನಕ್ಷತ್ರಗಳನ್ನು ತಡೆಯುತ್ತಿದೆ.

ಇಲ್ಲಿ ಲೆಕ್ಕ ಹಾಕಿ ನೋಡಬೇಕು. ನಕ್ಷತ್ರಗಳು ಉದುರಿದ್ದು ಹ್ಯಾರಿಯೆಟ್ಟಳು ಹುಟ್ಟುವುದಕ್ಕೆ ನಾಲ್ಕು ವರುಷ ಮುಂಚೆ. ಕತ್ತಲೆಯ ದಿನವು ಆಕೆಯ ಜನನಕ್ಕೆ ಐವತ್ತೇಳು ವರುಷ ಹಿಂದೆ, ಸುಮಾರು ಸಾವಿರ ಮೈಲಿ ದೂರದಲ್ಲಿ. ಎರಡನ್ನೂ ಆಕೆ ಕಂಡವಳಲ್ಲ, ಕೇಳಿದವಳು. ಗುಲಾಮರಿಗೆ ಅಪ್ಪಣೆಯ ಚೀಟಿಯಿಲ್ಲದೆ ಪಕ್ಕದ ತೋಟಕ್ಕೂ ಹೋಗುವ ಸ್ವಾತಂತ್ರ್ಯವಿರಲಿಲ್ಲ. ಆದರೆ ಕಥೆಗಳಿಗೆ ಚೀಟಿ ಬೇಕಿರಲಿಲ್ಲ. ಅವು ಗಾಡಿ ಹೊಡೆಯುವವರ ಜತೆಯಲ್ಲಿ, ಒಬ್ಬ ಧಣಿಯಿಂದ ಇನ್ನೊಬ್ಬ ಧಣಿಗೆ ಮಾರಲ್ಪಟ್ಟವರ ಜತೆಯಲ್ಲಿ, ಬೋಧಕರ ಜತೆಯಲ್ಲಿ ನಡೆದು ಬಂದು ಒಲೆಯ ಮುಂದೆ ಕುಳಿತವು. ಮುದುಕಿಯರ ಬಾಯಿಂದ ಹುಡುಗಿಯ ಕಿವಿಗೆ ಬಿದ್ದ ಮಾತು ಬಹು ವರುಷಗಳ ಮೇಲೆ ಆಕೆಯ ಸೂಜಿಯ ಮೊನೆಯಲ್ಲಿ ಹೊರಟಿತು.

1895ರ ಫೆಬ್ರವರಿಯ ಘೋರವಾದ ಚಳಿಯನ್ನಾದರೋ ಆಕೆ ಸ್ವತಃ ಅನುಭವಿಸಿದವಳು. ಅದೇ ಚಳಿಯು ಪಕ್ಕದ ಫ್ಲಾರಿಡಾ ಪ್ರಾಂತದ ಕಿತ್ತಳೆಯ ತೋಟಗಳನ್ನು ನಾಶಮಾಡಿದ್ದು ಚರಿತ್ರೆಯಲ್ಲಿ ದಾಖಲಾಗಿದೆ. ಚೌಕದಲ್ಲಿ, ಪ್ರಾರ್ಥಿಸುತ್ತಿರುವಾಗಲೇ ಹೆಪ್ಪುಗಟ್ಟಿದ ಹೆಂಗಸು, ಹಿಟ್ಟಿನ ಚೀಲ ಹೊತ್ತುಕೊಂಡೇ ಮರಗಟ್ಟಿದ ಗಂಡಸು, ಮದ್ಯದ ಹೂಜಿಯ ಬಳಿಯಲ್ಲಿ ಸತ್ತ ಇನ್ನೊಬ್ಬ, ಉಸಿರೇ ಹಿಮದ ಕಡ್ಡಿಯಾದ ಹೇಸರಗತ್ತೆ, ಸತ್ತುಬಿದ್ದ ನೀಲಿ ಹಕ್ಕಿಗಳು ಇವೆಲ್ಲವೂ ಇವೆ. ಆ ದಿನವನ್ನು ಫೆಬ್ರವರಿ 10ನೆಯ ಗುರುವಾರವೆಂದು ಕೌದಿಯ ವಿವರಣೆಯು ಹೇಳುತ್ತದೆ. ಪಂಚಾಂಗವನ್ನು ತೆರೆದರೆ ಆ ತಾರೀಖು ಭಾನುವಾರ. ಇದು ತಪ್ಪೆಂದು ನಗತಕ್ಕದ್ದಲ್ಲ. ಜನರ ನೆನಪು ವಾರವನ್ನು ಮರೆಯಬಹುದು. ಸತ್ತವರ ಕೈಯಲ್ಲಿ ಹಿಟ್ಟಿನ ಚೀಲವಿತ್ತೆಂಬುದನ್ನು ಮರೆಯದು.

ಎಲ್ಲಕ್ಕಿಂತ ಮನಸ್ಸಿಗೆ ಹಿಡಿಸುವುದು ಹದಿಮೂರನೆಯ ಚೌಕ. ವರ್ಜೀನಿಯಾ ಪ್ರಾಂತದಲ್ಲಿ ದೇವರ ವಿಷಯವನ್ನೇ ಕಲಿಯದೆ ಬೆಳೆದ ಇಬ್ಬರು ಶ್ರೀಮಂತರ ಕಥೆ ಅದರಲ್ಲಿದೆ. ಅವರು ತಮ್ಮ ತಂದೆತಾಯಿಗಳಿಗೆ ಗಡಿಯಾರವನ್ನು ಒಂದು ಗಂಟೆಗೆ ನಿಲ್ಲಿಸಲು ಹೇಳಿದರಂತೆ. ನಿಂತ ಗಡಿಯಾರವು ಮರುದಿನ ತಾನಾಗಿಯೇ ಒಂದು ಹೊಡೆಯಿತಂತೆ. ಅವರು ನಿತ್ಯಶಿಕ್ಷೆಗೆ ಹೋದುದಕ್ಕೆ ಅದೇ ಗುರುತಂತೆ. ಅದೇ ಚೌಕದ ಕೆಳಭಾಗದಲ್ಲಿ ಒಂದು ದೊಡ್ಡ ಹೆಣ್ಣುಹಂದಿಯಿದೆ. ಅದರ ಹೆಸರು ಬೆಟ್ಸ್. ಜಾರ್ಜಿಯಾದಿಂದ ವರ್ಜೀನಿಯಾದ ವರೆಗೆ ಐನೂರು ಮೈಲಿ ಓಡಿಹೋದ ಸ್ವತಂತ್ರ ಹಂದಿ ಅದು. ಇಡೀ ಕೌದಿಯಲ್ಲಿ ಇದಕ್ಕಿಂತ ದೊಡ್ಡ ಪ್ರಾಣಿ ಕಡಮೆ. ಕೇಳಿದರೆ ನಗು ಬರುವ ಮಾತು. ಆದರೆ ಜಾರ್ಜಿಯಾದಿಂದ ಉತ್ತರದ ಕಡೆಗೆ ಓಡುವುದೆಂದರೆ ಗುಲಾಮರ ಭಾಷೆಯಲ್ಲಿ ಬಿಡುಗಡೆಯ ಕಡೆಗೆ ಓಡುವುದೆಂದೇ ಅರ್ಥವಾಗಿತ್ತೆಂಬುದನ್ನು ಎತ್ತಿ ತೋರಿಸಿದ ವಿದ್ವಾಂಸರಿದ್ದಾರೆ. ಶ್ರೀಮಂತರಿಗೆ ಗಡಿಯಾರದ ಶಿಕ್ಷೆ, ಹಂದಿಗೆ ಐನೂರು ಮೈಲಿಯ ಸ್ವಾತಂತ್ರ್ಯ, ಎರಡನ್ನೂ ಒಂದೇ ಚೌಕದಲ್ಲಿ ಕೂಡಿಸಿದವಳು ಏನೂ ಅರಿಯದ ಮುಗ್ಧೆಯೆಂದು ನಮಗೆ ತೋರುವುದಿಲ್ಲ.

ಹಾಗಿದ್ದರೂ ಬಹು ಕಾಲ ಲೋಕವು ಆಕೆಯನ್ನು ಹಾಗೆಯೇ ತಿಳಿದಿತ್ತು. ಆಕೆಯ ವಿಷಯವನ್ನು ಬರೆದವರೆಲ್ಲ, ಪಾಪ, ಓದು ಬಾರದ ಹೆಂಗಸು. ಪ್ರಸಂಗಗಳಲ್ಲಿ ಕೇಳಿದ್ದನ್ನೇ ಹೊಲಿದಳೆಂದು ಬರೆದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಂಬಿದರು. ಆಮೇಲೆ 2009ರಲ್ಲಿ ಕೈರಾ ಹಿಕ್ಸ್ ಎಂಬ ವಿದುಷಿಯು ಪ್ರಕಟಿಸಿದ ಒಂದು ಗ್ರಂಥದಿಂದ ಹೊಸ ಸಂಗತಿ ಹೊರಬಿತ್ತು. ಅಟ್ಲಾಂಟಾ ಪ್ರದರ್ಶನದಲ್ಲಿ ಕೌದಿಯನ್ನು ಕಂಡ ಅಯೋವಾ ಪ್ರಾಂತದ ಒಬ್ಬ ಮಹಿಳೆಗೆ 1896ರಲ್ಲಿ ಹ್ಯಾರಿಯೆಟ್ಟಳು ಬರೆದ ಕಾಗದದ ಪ್ರತಿಯು ದೊರೆತಿತ್ತು. ತಾನು ಓದು ಕಲಿತ ಬಗೆ, ಸಭೆಗೆ ಸೇರಿದ ವರುಷ, ವಜ್ರಾಕೃತಿಯ ಕೌದಿಗಳ ಲೆಕ್ಕ ಇವೆಲ್ಲವೂ ಅದರಲ್ಲಿ ಆಕೆಯ ಮಾತಿನಲ್ಲಿಯೇ ಇದ್ದವು. ಒಂದು ನೂರು ವರುಷಕ್ಕೂ ಮೇಲಾಗಿ ಎಲ್ಲರೂ ನಿರಕ್ಷರಳೆಂದು ಕರೆದಾಕೆ ತನ್ನ ಚರಿತ್ರೆಯನ್ನು ಮೊದಲೇ ಬರೆದಿಟ್ಟಿದ್ದಳು.

ಇದನ್ನು ಓದಿದಾಗ ನಮ್ಮ ಮನಸ್ಸಿಗೆ ಚುಚ್ಚಿದಂತಾಯಿತು. ಏಕೆಂದರೆ ಇದೇ ತಪ್ಪನ್ನು ನಾವೂ ಮಾಡಿದ್ದೇವೆ. ಮಗಳನ್ನು ಶಾಲೆಗೆ ಸೇರಿಸಲು ಬಂದ ತಾಯಿಯೊಬ್ಬಳು, ಕೂಲಿಯಿಂದ ನೇರವಾಗಿ ಬಂದವಳು, ಸೆರಗಿನಲ್ಲಿ ಕೈ ಒರಸಿಕೊಂಡು ಮೇಜಿನ ಮುಂದೆ ನಿಂತಿದ್ದಳು. ಪ್ರವೇಶಪತ್ರದಲ್ಲಿ ತಾಯಿಯ ವಿದ್ಯೆಯೆಂಬ ಸ್ಥಳದಲ್ಲಿ ನಾವು ಕೇಳದೆಯೇ ಇಲ್ಲವೆಂದು ಬರೆದು, ಹೆಬ್ಬೆರಳಿಗೆ ಶಾಯಿಯ ಮೆತ್ತೆಯನ್ನು ಮುಂದಕ್ಕೆ ತಳ್ಳಿದೆವು. ಆಕೆ ಮೆತ್ತೆಯನ್ನು ಮುಟ್ಟದೆ, ಲೇಖನಿಯನ್ನು ಕೇಳಿ ತೆಗೆದುಕೊಂಡು, ದುಂಡಾದ ಅಕ್ಷರಗಳಲ್ಲಿ ತನ್ನ ಹೆಸರನ್ನು ಬರೆದಳು. ಏನೂ ಹೇಳಲಿಲ್ಲ. ಆ ದಿನ ಕಲಿತ ಪಾಠವನ್ನು ತರಬೇತಿನ ಶಾಲೆಯಲ್ಲಿ ನಮಗೆ ಯಾರೂ ಕಲಿಸಿರಲಿಲ್ಲ. ಅಂದಿನಿಂದ ಆ ಸ್ಥಳವನ್ನು ಕೇಳಿಯೇ ತುಂಬುವುದು ನಮ್ಮ ಕಚೇರಿಯ ನಿಯಮವಾಗಿದೆ.

ಹ್ಯಾರಿಯೆಟ್ಟಳ ಕೊನೆಯ ದಿನಗಳು ಬಡತನದಲ್ಲಿಯೇ ಕಳೆದವು. ಹೊಲ ಕೈ ಬಿಟ್ಟಿತು. ಗಂಡನು ಬೇರೆಯಾಗಿ ಹೋದನು. ಆಕೆ ಹೊಲಿಗೆಯಿಂದಲೂ ಚಿಕ್ಕ ಪುಟ್ಟ ಕೆಲಸಗಳಿಂದಲೂ ಜೀವಿಸಿದಳು. ಆ ಕಾಲದ ಒಂದು ಭಾವಚಿತ್ರದಲ್ಲಿ ಆಕೆ ನೆಟ್ಟಗೆ ನಿಂತಿದ್ದಾಳೆ. ಮುಂದೆ ಕಟ್ಟಿಕೊಂಡ ಬಟ್ಟೆಯ ಮೇಲೂ ತಾನೇ ಕತ್ತರಿಸಿ ಹೊಲಿದ ಆಕಾಶದ ಜ್ಯೋತಿಗಳಂಥ ಆಕೃತಿಗಳಿವೆ. 1910ನೆಯ ಜನವರಿ 1ರಂದು, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಅಥೆನ್ಸಿನ ಗಾಸ್ಪೆಲ್ ಪಿಲ್ಗ್ರಿಮ್ ಎಂಬ ಕ್ರೈಸ್ತರ ಸ್ಮಶಾನದಲ್ಲಿ ಆಕೆಯನ್ನು ಸಮಾಧಿ ಮಾಡಿದರು. ಪೊದೆಗಳು ಬೆಳೆದು ಸಮಾಧಿಯ ಸ್ಥಳವೇ ಮರೆಯಾಗಿತ್ತು; 2005ರಲ್ಲಿ ಆ ಕಲ್ಲು ಮತ್ತೆ ಕಣ್ಣಿಗೆ ಬಿದ್ದಿತು.

ಕೌದಿಗಳಾದರೋ ತಮ್ಮ ಒಡತಿಗಿಂತ ಬಹು ದೂರ ಪ್ರಯಾಣ ಮಾಡಿದವು. 1946ರಲ್ಲಿ ಸ್ಮಿತ್ತಳು ತೀರಿಕೊಂಡ ಮೇಲೆ ಬೈಬಲ್ ಕೌದಿಯು ವಾಷಿಂಗ್‌ಟನ್ ನಗರದ ಸ್ಮಿತ್‌ಸೋನಿಯನ್ ಸಂಸ್ಥೆಯನ್ನು ಸೇರಿತು. ಎರಡನೆಯದು ಹಾಲ್ ಅವರ ಕುಟುಂಬದಲ್ಲಿದ್ದು, 1964ರಲ್ಲಿ ಬಾಸ್ಟನ್ ನಗರದ ಲಲಿತಕಲೆಗಳ ವಸ್ತುಸಂಗ್ರಹಾಲಯಕ್ಕೆ ಬಂದಿತು. ಅವೆರಡನ್ನೂ ಜತೆಯಾಗಿ ನೋಡುವ ಯೋಗವು ಜನರಿಗೆ ಮೊದಲ ಸಾರಿ ಒದಗಿದ್ದು 2021ರಲ್ಲಿ, ಬಾಸ್ಟನ್ನಿನ ಒಂದು ಪ್ರದರ್ಶನದಲ್ಲಿ. ಐದು ಡಾಲರಿಗೆ ಮಾರಿದ ವಸ್ತುವಿನ ಮುಂದೆ ಜನರು ಸಾಲಾಗಿ ನಿಂತು ಮೌನವಾಗಿ ನೋಡಿದರು.

ಈ ಕಥೆಯು ಪರದೇಶದ್ದೆಂದು ಯಾರೂ ಭಾವಿಸಬೇಕಾದದ್ದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರಗಳ ಕಾಡಿನಲ್ಲಿ ಸಿದ್ದಿ ಜನಾಂಗದವರು ವಾಸಿಸುತ್ತಾರೆ. ಅವರ ಪೂರ್ವಿಕರೂ ಆಫ್ರಿಕದಿಂದ ಬಂದವರು; ಅವರಲ್ಲಿ ಅನೇಕರನ್ನು ಪೋರ್ತುಗೀಜರು ಗುಲಾಮರನ್ನಾಗಿ ಗೋವೆಗೆ ತಂದರು; ತಪ್ಪಿಸಿಕೊಂಡವರು ಘಟ್ಟವನ್ನು ಹತ್ತಿ ಕಾಡು ಸೇರಿದರು. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಇರುವಂತೆ ಕ್ರೈಸ್ತರೂ ಇದ್ದಾರೆ. ಸಿದ್ದಿ ಹೆಂಗಸರು ಹಳೆಯ ಬಟ್ಟೆಗಳ ತುಂಡುಗಳನ್ನು ಮೇಲಿಂದ ಮೇಲೆ ಇಟ್ಟು, ಅಂಚಿನಿಂದ ನಡುವಿನ ಕಡೆಗೆ ಸುತ್ತಿ ಸುತ್ತಿ ಹೊಲಿಯುವ ಕೌದಿಗಳನ್ನು ಇಂದು ಪರದೇಶದವರೂ ಬಂದು ಕೊಳ್ಳುತ್ತಾರೆ. ನಾಲ್ಕು ಮೂಲೆಗಳಲ್ಲಿಯೂ ಬಟ್ಟೆಯನ್ನು ಮಡಿಸಿ ಮಾಡಿದ ಹೂವನ್ನಿಡದೆ ಅವರ ಕೌದಿಯು ಪೂರ್ತಿಯಾದಂತಲ್ಲ. ಹೂವಿಲ್ಲದ ಕೌದಿಯು ಬೆತ್ತಲೆಯೆಂದು ಅವರು ಎಣಿಸುವರು. ಸಮುದ್ರದ ಆಚೆಯ ದಡದಲ್ಲಿ ಒಬ್ಬಳು, ಈಚೆಯ ದಡದಲ್ಲಿ ಇವರು. ಒಂದೇ ಖಂಡದಿಂದ ಕಿತ್ತು ತರಲ್ಪಟ್ಟವರ ಮಕ್ಕಳು ಎರಡು ಕಡೆಯಲ್ಲಿಯೂ ಚಿಂದಿಯನ್ನು ಸೌಂದರ್ಯವಾಗಿ ಮಾಡಿದರು.

ಬರುವ ವರುಷ ನಮ್ಮ ಮೇಲಿನ ತರಗತಿಗಳ ಹುಡು‌ಗಿಯರು ಒಂದೊಂದು ಚೌಕವನ್ನು ಹೊಲಿದು, ಎಲ್ಲವನ್ನೂ ಜೋಡಿಸಿ ಶಾಲೆಯ ಕೌದಿಯೊಂದನ್ನು ಮಾಡಬೇಕೆಂದು ನಾವು ಉದ್ದೇಶಿಸಿದ್ದೇವೆ. ಅಂಗಡಿಯ ನಮೂನೆಯ ಪುಸ್ತಕಗಳಿಂದ ಹೂಬಳ್ಳಿಗಳನ್ನು ತೆಗೆದುಕೊಳ್ಳಬಾರದು. ತಾನು ಹೋಗಿಬಂದ ಒಂದು ಊರನ್ನಾಗಲಿ, ಮನೆಯಲ್ಲಿ ಹಿರಿಯರಿಂದ ಕೇಳಿದ ಒಂದು ಕಥೆಯನ್ನಾಗಲಿ ಪ್ರತಿಯೊಬ್ಬಳೂ ಹೊಲಿಯಬೇಕು. ಅದರ ಅರ್ಥವನ್ನು ಒಂದು ಕಾಗದದಲ್ಲಿ ತಾನೇ ಬರೆದು ಕೊಡಬೇಕು. ಆದುದರಿಂದ ತಂದೆತಾಯಿಗಳಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ವಿಜ್ಞಾಪನೆಯೇನಂದರೆ, ಮಗಳು ಬಂದು ಕಥೆ ಕೇಳಿದಾಗ ಕೆಲಸವಿದೆಯೆಂದು ಕಳುಹಿಸಿಬಿಡಬೇಡಿರಿ. ಅಜ್ಜಿಯನ್ನು ಕರೆಯಿರಿ. ಮೂಲೆಯಲ್ಲಿ ಗಂಟು ಕಟ್ಟಿಟ್ಟ ಹಳೆಯ ಬಟ್ಟೆಗಳನ್ನು ಬಿಚ್ಚಿರಿ. ಕೌದಿಯು ಮುಗಿದ ಮೇಲೆ ಅದನ್ನು ಮಾರುವುದಿಲ್ಲ. ಹೊಲಿದವರು ಯಾವಾಗ ಬೇಕಾದರೂ ಬಂದು ನೋಡಬಹುದು. ಶಾಲೆಯ ಬಾಗಿಲು ಅವರಿಗೂ ಅವರ ಹೆಣ್ಣುಮಕ್ಕಳಿಗೂ ತೆರೆದಿರುವುದು.